ಹಾಲಸ್ವಾಮಿಯ ಹೊಸ ಮುತ್ತಜ್ಜ

ಕೂಡ್ಲಿಗಿಯ ಮಂಡಕ್ಕಿ ಭಟ್ಟಿ ಹಾಲಸ್ವಾಮಿಗೆ, ಮೀಸೆ ಅರ್ಧ ಬೆಳ್ಳಗಾದ ಮೇಲೆ, ಒಬ್ಬ ಹೊಸ ಮುತ್ತಜ್ಜ ಸಿಕ್ಕ. ಮುತ್ತಜ್ಜ ಎಂಬವನು ಯಾರಿಗಾದರೂ ಹುಟ್ಟುವ ಮೊದಲೇ ಇರಬೇಕು. ನಡುವಯಸ್ಸಿನಲ್ಲಿ ಹುಡುಕಿ ತರುವ ಸರಕಲ್ಲ. ಆದರೆ ಹಾಲಸ್ವಾಮಿಯ ಮನೆತನದಲ್ಲಿ ಅಜ್ಜನವರೆಗಿನ ಸಂಗತಿ ಮಾತ್ರ ಸ್ಪಷ್ಟವಾಗಿತ್ತು. ಅಜ್ಜ ಲಂಗೋಟಿ ಕಟ್ಟಿಕೊಂಡು ಭಟ್ಟಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಮಂಡಕ್ಕಿ ಹುರಿದು, ಯಾರಿಗೂ ತೊಂದರೆ ಕೊಡದೆ ಸತ್ತಿದ್ದ. ಅವನ ಅಪ್ಪ ಯಾರು, ಎಂಥವನು ಎಂಬುದು ಊರಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಜಾಗ ಖಾಲಿ ಬಿದ್ದಿತ್ತು. ತೊಂಬತ್ತರ ದಶಕದ ಆ ಕಾಲದಲ್ಲಿ ಖಾಲಿ ಜಾಗ ಕಂಡರೆ ಜನ ಸುಮ್ಮನೆ ಬಿಡುತ್ತಿರಲಿಲ್ಲ.

ಹಾಲಸ್ವಾಮಿಯ ತಲೆಯಲ್ಲಿ ಈ ಹುಳ ಬಿಟ್ಟವನು ಸಂಬಂಧ ಕುದುರಿಸುವ ಸುಂಕಪ್ಪ. ಒಂದು ದಿನ ಭಟ್ಟಿಗೆ ಬಂದು, ಬಿಸಿ ಮಂಡಕ್ಕಿ ಬೊಗಸೆಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತ ವಿಷಯ ತೆಗೆದ.

"ಹರಪನಹಳ್ಳಿ ಹುಡುಗ ಅದಾನ್ರಿ ಸ್ವಾಮೇರ. ಅರುಣಕುಮಾರ ಅಂತ. ಮೇಷ್ಟ್ರ ನೌಕರಿ ಆಗೈತಿ. ನಿಮ್ಮ ಸುಕನ್ಯಾನ ಜೋಡಿನ ಟಿ.ಸಿ.ಎಚ್. ಓದ್ಯಾನ. ರೊಕ್ಕ, ಬಂಗಾರ ಏನೂ ಕೇಳಂಗಿಲ್ಲ. ಆದ್ರ ಅವರ ಮನ್ಯಾಗ ಒಬ್ರು ಹಿರೇ ಅಮ್ಮ ಅದಾರ. ಅವರು ಮನಿತನ ಕೇಳ್ತಾರ."

"ನಮ್ಮ ಮನಿತನಕ್ಕ ಏನಾಗೇತಿ?" ಎಂದ ಹಾಲಸ್ವಾಮಿ.

ಸುಂಕಪ್ಪ ಭಟ್ಟಿಯ ಕಡೆ ನೋಡಿದ, ಮಸಿ ಹಿಡಿದ ಗೋಡೆಯ ಕಡೆ ನೋಡಿದ, ಹಾಲಸ್ವಾಮಿಯ ಹರಿದ ಬನಿಯನ್ನಿನ ಕಡೆ ನೋಡಿದ. "ಏನೂ ಆಗಿಲ್ಲ ಬಿಡ್ರಿ" ಎಂದು ಇನ್ನೊಂದು ಬೊಗಸೆ ಬಾಯಿಗೆ ಹಾಕಿಕೊಂಡ.

ಆ ಮಾತು ಹಾಲಸ್ವಾಮಿಗೆ ಚುಚ್ಚಿತು. ಮಗಳೆಂದರೆ ಅವನಿಗೆ ಜೀವ. ಆಕೆಯೋ, ನೋಡಲು ಬಂದ ಗಂಡುಗಳಿಗೆಲ್ಲ ಒಂದೊಂದು ಕೊಂಕು ತೆಗೆದವಳು. ಒಬ್ಬ ಚಹಾ ಸೊರ್ ಎಂದು ಕುಡಿಯುತ್ತಾನೆ, ಇನ್ನೊಬ್ಬ ಬರೀ ತನ್ನ ಗಾಡಿಯ ಮೈಲೇಜು ಹೇಳುತ್ತಾನೆ. ಅರುಣಕುಮಾರನ ಹೆಸರು ಬಂದಾಗ ಮಾತ್ರ ಲಟ್ಟಣಿಗೆ ಹಿಡಿದ ಕೈ ನಿಂತಿತು. ಆಮೇಲೆ ತಾಯಿಯ ಕಿವಿಯಲ್ಲಿ, "ಇದಾದ್ರ ಆಗ್ಲೆವ್ವ" ಎಂದಳು. ಕೊಟ್ರಮ್ಮ ಅದನ್ನು ಗಂಡನಿಗೆ ಹೇಳಿದಳು. ಹಾಲಸ್ವಾಮಿಗೆ ಕಣ್ಣಲ್ಲಿ ನೀರು ಬಂತು. ಈ ಸಂಬಂಧ ಕೈತಪ್ಪಬಾರದು, ಅದಕ್ಕಾಗಿ ಏನು ಬೇಕಾದರೂ ಮಾಡುತ್ತೇನೆ ಎಂದು ನಿಶ್ಚಯಿಸಿದ. ಹಾಲಸ್ವಾಮಿ ಏನು ಬೇಕಾದರೂ ಮಾಡಲು ಹೊರಟಾಗಲೆಲ್ಲ ಏನೇನೋ ಆಗಿಬಿಡುತ್ತಿತ್ತೆಂಬುದು ಬೇರೆ ಮಾತು.

ಬಸ್ ಸ್ಟ್ಯಾಂಡ್ ಹತ್ತಿರ ದಾವಲ್ ಸಾಬನ ಬೋರ್ಡು ಬರೆಯುವ ಅಂಗಡಿ. ಫೋಟೋಗಳಿಗೆ ಕಟ್ಟು ಹಾಕುವ ಕೆಲಸವೂ ಅಲ್ಲೇ. ಭಟ್ಟಿಗೆ ಹೊಸ ಬೋರ್ಡು ಬರೆಸಿದರೆ ಮನೆತನಕ್ಕೆ ಸ್ವಲ್ಪ ಕಳೆ ಬಂದೀತೆಂದು ಹಾಲಸ್ವಾಮಿ ಅಲ್ಲಿಗೆ ಹೋದ. ಒಳಗೆ ಗೋಡೆಗೆ ಒರಗಿಸಿದ್ದ ಒಂದು ದೊಡ್ಡ ಬಣ್ಣದ ಚಿತ್ರ ಕಣ್ಣಿಗೆ ಬಿತ್ತು.

ಚಿತ್ರದಲ್ಲಿ ಒಬ್ಬ ದೊರೆ. ದೊರೆ ಎಂದರೆ ಕುದುರೆ, ಕತ್ತಿ, ಜರಿಪೇಟ ಎಂದುಕೊಳ್ಳಬೇಕಾಗಿಲ್ಲ. ಈ ದೊರೆ ಬೆಳ್ಳಿ ಕಟ್ಟಿದ ಮಂಚದ ಮೇಲೆ ಬರಿ ಮೈಯಲ್ಲಿ, ಧೋತರ ಮೊಣಕಾಲಿಗೆ ಸರಿಸಿ, ಒಂದು ಕಾಲು ಮೇಲಿಟ್ಟು ಕೂತಿದ್ದ. ಕೊರಳಲ್ಲಿ ಮುತ್ತಿನ ಕಂಠಿ. ಪಕ್ಕದಲ್ಲಿ ತೆಗೆದಿಟ್ಟ ಪೇಟವನ್ನು ಒಂದು ಆಡಿನ ಮರಿ ಜಗಿಯುತ್ತಿತ್ತು. ದೊರೆ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಇದ್ಯಾರದೋ ಸಾಬಣ್ಣ?"

"ನಮ್ಮ ಅಬ್ಬಾಜಾನ್ ಇದ್ದಾಗ ಯಾರೋ ಕಟ್ಟು ಹಾಕ್ಸಾಕ ತಂದು ಕೊಟ್ಟಿದ್ರಂತ. ಇನ್ನಾ ತಗಂಡ್ ಹೋಗಾಕ ಬಂದಿಲ್ಲ."

"ಇಂಥಾ ದೊಡ್ಡೋರು ಮೈಮ್ಯಾಲ ಅಂಗಿ ಇಲ್ದ ಕುಂತಾರಲ್ಲೋ."

"ಅಲ್ಲೇ ತಿಳೀತೈತಿ ನೋಡ್ರಿ ದೊಡ್ಡಸ್ತಿಕಿ. ನೀವು ಅಂಗಿ ಇಲ್ದ ಕುಂತ್ರ ಬಡವರು ಅಂತಾರ. ಅಂಥೋರು ಕುಂತ್ರ ಚಿತ್ರ ಬರೀತಾರ."

ಹಾಲಸ್ವಾಮಿಗೆ ಜ್ಞಾನೋದಯವಾಯಿತು. ಹೆಣ್ಣು ನೋಡುವ ಶಾಸ್ತ್ರ ಮುಗಿಯುವವರೆಗೆ ಚಿತ್ರ ಕೊಡೆಂದು ಗೋಗರೆದ. ದಾವಲ್ ಸಾಬ್ ಒಪ್ಪಿದ. ಹೊರಡುವಾಗ ಹಾಲಸ್ವಾಮಿ ಅವನ ಕೈ ಹಿಡಿದುಕೊಂಡು ಹೇಳಿದ: "ಯಾರು ಬಂದು ಕೇಳಿದ್ರೂ ಇದು ಸ್ವಾಮೇರ ಮನಿದು ಅನ್ನಬೇಕು. ನಾನ ಬಂದು ಕೇಳಿದ್ರೂ ಹಂಗ ಅನ್ನು!"

"ಜಬಾನ್ ಕೊಟ್ಟೀನಿ, ಹೋಗ್ರಿ" ಎಂದ ದಾವಲ್ ಸಾಬ್. ಅವನು ಬರೆದ ಬೋರ್ಡು ಎರಡು ಮಳೆಗೆ ಅಳಿಸಿಹೋಗುತ್ತಿತ್ತು, ಕೊಟ್ಟ ಮಾತು ಮಾತ್ರ ಅಳಿಸುತ್ತಿರಲಿಲ್ಲ.

ಚಿತ್ರ ಪಡಸಾಲೆಯ ಗೋಡೆ ಏರಿತು. ಕೊಟ್ರಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಇದ್ಯಾವ ಗಂಡಸ್ರೀ? ಹೆಣ್ಣುಮಗಳಿರೋ ಮನ್ಯಾಗ ಬರಿಮೈಲೆ ಕುಂತಾನ!"

"ಬಾಯಿ ಬಿಗಿ ಹಿಡಿ. ನಮ್ಮ ಮುತ್ತಜ್ಜ."

"ನಿನ್ನಿ ತನಕ ಇರಲಿಲ್ಲಲ್ಲ?"

"ಇದ್ದ. ನಮಗ ಗೊತ್ತಿರಲಿಲ್ಲ" ಎಂದ ಹಾಲಸ್ವಾಮಿ ಗಂಭೀರವಾಗಿ.

ಅಷ್ಟರಲ್ಲಿ ಪಕ್ಕದ ಮನೆಯ ಅಂಜಿನಕ್ಕ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದಳು. ಓಣಿಯಲ್ಲಿ ಒಂದು ಸೂಜಿ ಬಿದ್ದರೂ ಯಾರ ಸೂಜಿ, ಯಾಕೆ ಬಿತ್ತು ಎಂದು ಹೇಳಬಲ್ಲ ಹೆಂಗಸು ಆಕೆ. ಹಾಲಸ್ವಾಮಿ ಕತೆ ಶುರುಮಾಡಿದ. ಮುತ್ತಜ್ಜ ದೊಡ್ಡ ವಾಡೆಯ ದೊರೆ; ಅಜ್ಜ ಅವನ ಹಿರಿಯ ಮಗ; ಮನೆಯಲ್ಲಿ ಜಗಳವಾಗಿ, ಸಿಟ್ಟು ಮಾಡಿಕೊಂಡು ವಾಡೆ ಬಿಟ್ಟು ಬಂದು, ಕೂಡ್ಲಿಗಿಯಲ್ಲಿ ಭಟ್ಟಿ ಹಾಕಿದ; ಸಾಯುವತನಕ ವಂಶದ ಮಾತೆತ್ತಲಿಲ್ಲ.

"ಈತ ಇಷ್ಟು ಕೆಂಪಗದಾನ. ನಿಮ್ಮಜ್ಜ ಹೆಂಚಿನ ತಳ ಇದ್ದಂಗಿದ್ನಲ್ಲೋ?" ಎಂದಳು ಅಂಜಿನಕ್ಕ.

"ಭಟ್ಟಿ ಹೊಗಿ, ಅಕ್ಕ."

"ಈತನ ಮೂಗು ಗಿಣಿ ಮೂಗು. ನಿಮ್ಮಜ್ಜಂದು ಮೊಂಡ ಮೂಗು."

"ಮೂಗು ಅವರವ್ವನ ಕಡೇದು."

ಅಂಜಿನಕ್ಕ ಚಿತ್ರವನ್ನು ಇನ್ನೊಮ್ಮೆ ನೋಡಿ, "ಹೌದು ಬಿಡು, ನಿಮ್ಮಜ್ಜ ಮಂಡಕ್ಕಿ ತೂರುವಾಗ ಒಂಥರಾ ದೊರಿಗಳ ಗತ್ತು ಇರ್ತಿತ್ತು" ಎಂದಳು. ಸಂಜೆಯ ಹೊತ್ತಿಗೆ ಆ ಕತೆಗೆ ಆಕೆಯೇ ಒಂದು ಆನೆ, ಎರಡು ಬಂದೂಕು ಸೇರಿಸಿದ್ದಳು. ಮರುದಿನ ಗಿರಾಕಿಗಳು, "ದೊರಿ, ಎರಡು ಸೇರು ಮಂಡಕ್ಕಿ ಹಾಕ್ರಿ" ಎನ್ನತೊಡಗಿದರು. ಹಾಲಸ್ವಾಮಿ ದೊರೆಯ ಗತ್ತಿನಲ್ಲಿ ಎರಡು ಸೇರಿನ ಮೇಲೆ ಒಂದು ಹಿಡಿ ಕೊಸರು ಹಾಕಿದ.

ಸುದ್ದಿ ಸರಕಾರದ ಕಿವಿಗೂ ಬಿತ್ತು. ಸರಕಾರವೆಂದರೆ ಮೂರನೆಯ ಮನೆಯ ಗಾದೆಪ್ಪ. ತಾಲೂಕು ಕಚೇರಿಯಲ್ಲಿ ರೇಷನ್ ಕಾರ್ಡಿನ ಗುಮಾಸ್ತ. ಚಿತ್ರದ ಮುಂದೆ ಕೈಕಟ್ಟಿ ನಿಂತು ಕೇಳಿದ:

"ಇವರು ನಿಮ್ಮ ಸ್ವಂತ ಮುತ್ತಜ್ಜರ?"

"ಸ್ವಂತ!"

"ಹಂಗಾದ್ರ ನಿಮ್ಮನ್ಯಾಗ ಬಡವರ ಹಸಿರು ಕಾರ್ಡು ಹೆಂಗೈತ್ರಿ? ದೊರಿಗಳ ವಂಶಕ್ಕ ಸರಕಾರ ಅಕ್ಕಿ ಅಳದು ಕೊಟ್ರ ನಾಳೆ ನಾ ಏನಂತ ಜವಾಬು ಕೊಡ್ಲಿ?"

ಮುತ್ತಜ್ಜ ಬೇಕು, ಇಲ್ಲವೇ ಅಕ್ಕಿ ಬೇಕು. ಹಾಲಸ್ವಾಮಿ ಮುತ್ತಜ್ಜನನ್ನೇ ಇಟ್ಟುಕೊಂಡ. ಕಾರ್ಡು ಗಾದೆಪ್ಪನ ಜೇಬಿಗೆ ಹೋಯಿತು.

"ನಿಮ್ಮ ಮುತ್ತಜ್ಜ ಬಂದು ವಾರ ಆಗಿಲ್ಲ, ಮನ್ಯಾಗಿನ ಅಕ್ಕಿ ತಿಂದ" ಎಂದು ಕೊಟ್ರಮ್ಮ ಪಾತ್ರೆಗಳನ್ನು ಕುಕ್ಕಿದಳು. ಕುಕ್ಕಿದ ಸದ್ದಿಗೆ ಚಿತ್ರವೂ ಒಂದಿಷ್ಟು ವಾಲಿತು.

ಹೆಣ್ಣು ನೋಡುವ ದಿನ ಬಂತು. ಓಣಿಯವರೆಲ್ಲ ಕಿಟಕಿ ಬಾಗಿಲಲ್ಲಿ ತುಂಬಿಕೊಂಡರು. ದೊರೆಗಳ ಮನೆಯ ಶಾಸ್ತ್ರ ಹೇಗಿರುತ್ತದೆಂದು ನೋಡಬೇಕಲ್ಲ. ಸುಂಕಪ್ಪನ ಹಿಂದೆ ಅರುಣಕುಮಾರ, ಅವನ ಅಪ್ಪ, ಕೊನೆಯಲ್ಲಿ ಕೋಲೂರಿಕೊಂಡು ಅಜ್ಜಿ ಶಿವಗಂಗಮ್ಮ ಬಂದರು. ಹೊಸ್ತಿಲು ದಾಟಿದ ಅಜ್ಜಿ ತಲೆಯೆತ್ತಿ ಗೋಡೆ ನೋಡಿದ್ದೇ ತಡ, ಸರಕ್ಕನೆ ಸೆರಗು ಹಣೆಯವರೆಗೆ ಎಳೆದುಕೊಂಡು ಬಾಗಿಲ ಮರೆಗೆ ಸರಿದು ನಿಂತುಬಿಟ್ಟರು.

"ಬರ್ರಿ ಅಮ್ಮಾರ, ಕುರ್ಚಿ ಮ್ಯಾಲ ಕುಂದರ್ರಿ" ಎಂದ ಹಾಲಸ್ವಾಮಿ.

"ಒಲ್ಲೆ. ಅವರ ಮುಂದ ನಾ ಹೆಂಗ ಕುಂದರ್ಲಿ?"

ಹಾಲಸ್ವಾಮಿಯ ಎದೆ ಉಬ್ಬಿತು. ನೋಡಿದೊಡನೆ ಮನೆತನ ಗುರುತಿಸಿದರಲ್ಲ! "ಮುಖದ ಕಳಿನ ಹಂಗೈತಿ ಬಿಡ್ರಿ. ನಮ್ಮ ಮುತ್ತಜ್ಜರು. ಹಾಲಪ್ಪ ದೊರಿ ಅಂತ."

"ಅವರ ಹೆಸರು ಅದಲ್ಲ" ಎಂದರು ಅಜ್ಜಿ ಸೆರಗಿನೊಳಗಿನಿಂದ.

"ಮತ್ತ ಏನ್ರಿ?"

"ನಾ ಹೆಂಗ ಹೇಳ್ಲಿ? ಮಾವನೋರ ಹೆಸರು ಸೊಸಿ ಬಾಯಾಗ ಬರ್ತತೇನು?"

ಕಿಟಕಿಯಲ್ಲಿದ್ದವರೆಲ್ಲ ಕತ್ತು ಚಾಚಿದರು. ಅಜ್ಜಿ ಬಾಗಿಲ ಮರೆಯಿಂದಲೇ ಹೇಳುತ್ತ ಹೋದರು. ಹಿರೇಹಡಗಲಿ ಆಚೆ ಅವರ ವಾಡೆ ಇತ್ತು. ಈ ಮಾವನೋರೇ ಅಲ್ಲಿಯ ದೇಸಾಯರು. "ಹೈದ್ರಾಬಾದಿಂದ ಚಿತ್ರಗಾರನ್ನ ಕರೆಸಿದ್ರು. ಕುದುರಿ ಮ್ಯಾಲ ಕುಂತು ಬರಸ್ಬೇಕಂತ ಪೇಟ ಸುತ್ತಿಸಿ ಇಟ್ಟಿದ್ರು. ನಾ ಸಾಕಿದ ಮರಿ ಬಂದು ಪೇಟ ತಿಂತು. ನನ್ನ ಕತಿ ಮುಗೀತು ಅನ್ಕಂಡೆ. ಮಾವನೋರು ನಕ್ಕುಬಿಟ್ರು! ಅವರು ನಕ್ಕಿದ್ದು ನಾ ಕಂಡಿದ್ದು ಅದೊಂದ ಸಲ. ಚಿತ್ರಗಾರ ಹಂಗಾ ಬರದ. ವಾಡೆ ಮಾರೋ ಮುಂದ ನನ್ನ ಮೈದುನ ಇದನ್ನ ಕಟ್ಟು ಹಾಕ್ಸಾಕ ಒಯ್ದ. ಎಲ್ಲಿ ಕೊಟ್ಟೆ ಅಂತ ಹೇಳ್ದಂಗ ತೀರಿಕೊಂಡ."

ಹಾಲಸ್ವಾಮಿಗೆ ಗೋಡೆ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಗೋಡೆ ಬಿರಿಯಲಿಲ್ಲ. ಬದಲಿಗೆ ಕಿಟಕಿಯಿಂದ ಅಂಜಿನಕ್ಕನ ದನಿ ಬಂತು.

"ಹೌದ್ರಿ ಅಮ್ಮ! ಇವರಜ್ಜ ಆ ದೊರಿಗಳ ಹಿರೇ ಮಗ! ಸಿಟ್ಟು ಮಾಡಿಕಂಡು ವಾಡೆ ಬಿಟ್ಟು ಬಂದಿದ್ನಂತ!"

ಅಜ್ಜಿಯ ಕೈಯಿಂದ ಕೋಲು ಜಾರಿತು. "ಹಿರೇ ಭಾವ!" ಎಂದು ಚೀರಿದರು. "ನಮ್ಮ ಹಿರೇ ಭಾವ ಸಿಟ್ಟಾಗಿ ಮನಿ ಬಿಟ್ಟು ಹೋದೋರು ತಿರುಗಿ ಬರಲಿಲ್ಲ. ಸತ್ರೋ ಬದುಕಿದ್ರೋ ತಿಳೀಲಿಲ್ಲ. ಅವರ ಮೊಮ್ಮಗನೇನೋ ನೀನು? ಬಾರಪ್ಪ ಇಲ್ಲಿ, ನಾ ನಿಮ್ಮ ಸಣ್ಣಜ್ಜಿ!" ಹಾಲಸ್ವಾಮಿಯ ಗಲ್ಲ ಹಿಡಿದು ಅಳತೊಡಗಿದರು. ಕಿಟಕಿಯಲ್ಲಿದ್ದ ಹೆಂಗಸರೂ ಅತ್ತರು. ಏನೂ ತಿಳಿಯದ ಹಾಲಸ್ವಾಮಿಗೂ ಅಳು ಬಂತು.

ಅಳದೆ ಉಳಿದವನು ಸುಂಕಪ್ಪ ಒಬ್ಬನೇ. ಅವನು ಬೆರಳು ಮಡಚುತ್ತ ಕೂತಿದ್ದ. "ತಡೀರಿ. ದೇಸಾಯರ ಹಿರೇ ಮಗ ಸ್ವಾಮೇರ ಅಜ್ಜ. ಇನ್ನೊಬ್ಬ ಮಗ ಅರುಣಕುಮಾರನ ಅಜ್ಜ. ಅವರು ಅಣ್ತಮ್ಮರು. ಅವರ ಮಕ್ಕಳು ಅಣ್ತಮ್ಮರು. ಆ ಮಕ್ಕಳ ಮಕ್ಕಳು ಅಂದ್ರ ಸ್ವಾಮೇರು, ಅರುಣಕುಮಾರ..." ಬೆರಳು ಅಲ್ಲೇ ನಿಂತಿತು. "ಅಯ್ಯೋ ಶಿವನ! ಸ್ವಾಮೇರ, ನೀವು ಹುಡುಗಗ ಅಣ್ಣ ಆಗ್ತೀರಿ!"

"ಅಣ್ಣ?" ಎಂದ ಅರುಣಕುಮಾರ. ಪಾಪ, ಅವನು ದಾರಿಯುದ್ದಕ್ಕೂ "ಮಾವಾರ" ಎನ್ನುವುದನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದ.

"ಅಂದ್ರೆ ಹುಡುಗಿ ಇವ್ನಿಗೆ ಅಣ್ಣನ ಮಗಳಾದ್ಲು. ಮಗಳ ಸಮಾನ. ಶಿವ ಶಿವಾ, ಏನ್ ಮಾಡಾಕ್ ಬಂದಿದ್ವಿ ನಾವು!" ಎಂದು ಅವನ ಅಪ್ಪ ಕೆನ್ನೆ ಬಡಿದುಕೊಂಡರು.

ಉಪ್ಪಿಟ್ಟಿನ ತಟ್ಟೆ ಹಿಡಿದು ಬರುತ್ತಿದ್ದ ಸುಕನ್ಯಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಹಾಲಸ್ವಾಮಿ ಆಕೆಯ ಮುಖ ನೋಡಿದ. ಗಾಬರಿಯಲ್ಲಿ ಅವನು ಮಾಡಬಾರದ ಕೆಲಸ ಮಾಡಿದ, ಅಂದರೆ ಇನ್ನಷ್ಟು ಬುದ್ಧಿ ಓಡಿಸಿದ.

"ಅಲ್ರಿ, ಅಲ್ರಿ! ನಾ ತಪ್ಪಿ ಹೇಳ್ದೆ. ಇವರು ನಮ್ಮವ್ವನ ಕಡೆ ಮುತ್ತಜ್ಜ! ದೇಸಾಯರ ಮಗಳು ನಮ್ಮವ್ವನ ಅವ್ವ. ಹಂಗಾದ್ರ ಲಗ್ನಕ್ಕ ಅಡ್ಡಿ ಇಲ್ಲಲ್ಲ?"

ಸುಂಕಪ್ಪನ ಬೆರಳು ಮತ್ತೆ ಎದ್ದವು. ಆದರೆ ಅಜ್ಜಿಯ ಅಳು ಗಕ್ಕನೆ ನಿಂತಿತು.

"ನಮ್ಮ ಮಾವನೋರಿಗೆ ಹೆಣ್ಣುಮಕ್ಕಳ ಇರಲಿಲ್ಲ."

ಎಲ್ಲರ ಕಣ್ಣು ಮೆಲ್ಲಗೆ ಬರಿಮೈಯ ದೇಸಾಯರ ಕಡೆ ತಿರುಗಿದವು. ಅಂಜಿನಕ್ಕ ಬಾಯಿಗೆ ಸೆರಗು ಒತ್ತಿಕೊಂಡು, "ಆಗಿನ ದೊಡ್ಡೋರು ಹಂಗಾ ಬಿಡವ್ವ" ಎಂದು ಪಕ್ಕದವಳಿಗೆ ಹೇಳಿದ್ದು ಪಡಸಾಲೆಗೆಲ್ಲ ಕೇಳಿಸಿತು. ಸತ್ತು ಎಷ್ಟೋ ವರ್ಷವಾದ ಮನುಷ್ಯನ ಮಾನ ಕೂಡ್ಲಿಗಿಯಲ್ಲಿ ಹೀಗೆ ಹರಾಜಾಯಿತು.

ಹಾಲಸ್ವಾಮಿ ದಬಕ್ಕನೆ ಕುಕ್ಕರಿಸಿ ಕೂತ. "ಸುಳ್ಳ್ರಿ! ಎಲ್ಲಾ ಸುಳ್ಳು! ಇವರು ನನಗ ಏನೂ ಆಗ್ಬೇಕಿಲ್ಲ. ನಮ್ಮಜ್ಜ ಹುಟ್ಟಿದ್ದೂ ಕೂಡ್ಲಿಗಿ, ಸತ್ತಿದ್ದೂ ಕೂಡ್ಲಿಗಿ. ಮನಿತನ ಕೇಳ್ತೀರಿ ಅಂದ್ರು, ಅದಕ್ಕ ದಾವಲ್ ಸಾಬನ ಅಂಗಡಿಯಿಂದ ಈ ಚಿತ್ರ ತಂದೆ!"

ಸತ್ಯ ಹೇಳಿದರೆ ಭಾರ ಇಳಿಯುತ್ತದೆ ಎಂದು ದೊಡ್ಡವರು ಹೇಳಿದ್ದಾರೆ. ಕೇಳಿದವರು ನಂಬುವುದಿಲ್ಲವೆಂದು ಮಾತ್ರ ಹೇಳಿಲ್ಲ. ಸುಂಕಪ್ಪನ ಕಣ್ಣು ಒದ್ದೆಯಾದವು. "ನೋಡ್ರಿ ಅಮ್ಮ! ಮಗಳ ಲಗ್ನ ನಿಲ್ಲಬಾರದಂತ ತನ್ನ ವಂಶನ ಬ್ಯಾಡ ಅಂತಾರ. ಇಂಥಾ ತ್ಯಾಗ ನಾ ಕಂಡಿಲ್ಲ."

"ತ್ಯಾಗಲ್ಲೋ ಮಾರಾಯ, ಖರೇ! ಅಂಜಿನಕ್ಕ, ನೀನಾರ ಹೇಳು. ನಮ್ಮಜ್ಜನ್ನ ನೀ ನೋಡಿದ್ದಿ. ಕರೆಗಿದ್ನೋ ಇಲ್ಲೋ?"

ಇಂಥ ಹೊತ್ತಿನಲ್ಲಿ ನೆರೆಯವರನ್ನು ಕೈಬಿಡುವ ಹೆಂಗಸಲ್ಲ ಅಂಜಿನಕ್ಕ. "ಭಟ್ಟಿ ಹೊಗಿಗೆ ಕರೆಗಾಗಿದ್ದ್ರಿ. ಮೂಲ ಬಣ್ಣ ಕೆಂಪು!"

"ಅಲ್ಲಕ್ಕ, ಮೂಗು?"

"ಮೂಗು ಅವರವ್ವನ ಕಡೇದು. ನೀನ ಹೇಳಿದ್ದಿ."

ಗಾದೆಪ್ಪ ಜನರನ್ನು ಸರಿಸಿಕೊಂಡು ಒಳಗೆ ಬಂದ. "ಸಂಶಯನ ಬ್ಯಾಡ್ರಿ. ಇವರು ದೊರಿ ವಂಶ ಅಂತ ನಾನ ಖುದ್ದು ಹಸಿರು ಕಾರ್ಡು ವಾಪಸ್ ತಗಂಡೀನಿ. ಸರಕಾರ ಒಪ್ಪಿದ ಮ್ಯಾಲ ಮುಗೀತು."

ಕೊನೆಯ ಆಸೆಯೆಂದರೆ ದಾವಲ್ ಸಾಬ್. ಯಾರೋ ಸೈಕಲ್ ತುಳಿದು ಕರೆತಂದರು. ಅವನ ಕೈಯಲ್ಲಿ ಇನ್ನೂ ಬಣ್ಣದ ಕುಂಚ.

"ಸಾಬಣ್ಣ, ಈ ಚಿತ್ರ ಯಾರದು? ಖರೇ ಹೇಳು" ಎಂದ ಹಾಲಸ್ವಾಮಿ.

ದಾವಲ್ ಸಾಬ್ ಎಲ್ಲರನ್ನೂ ಒಮ್ಮೆ ನೋಡಿದ. "ಸ್ವಾಮೇರ ಮನಿದು."

"ಲೇ, ನಾನ ಕೇಳಾಕ ಹತ್ತೀನೋ!"

"ನೀವು ಕೇಳಿದ್ರೂ ನಿಮ್ಮದ" ಎಂದು ದಾವಲ್ ಸಾಬ್ ಮೆಲ್ಲಗೆ ಕಣ್ಣು ಹೊಡೆದ. ಸ್ನೇಹಿತನಿಗೆ ಉಪಕಾರ ಮಾಡಿದ ತೃಪ್ತಿ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಒಬ್ಬ ಮುತ್ತಜ್ಜನನ್ನು ಗೋಡೆಗೆ ಏರಿಸಲು ಹಾಲಸ್ವಾಮಿಗೆ ಒಂದು ಮೊಳೆ ಸಾಕಾಗಿತ್ತು. ಇಳಿಸಲು ಇಡೀ ಓಣಿಯನ್ನೇ ಎದುರಿಸಬೇಕಾಗಿ ಬಂತು. ಅರುಣಕುಮಾರನ ಅಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಅರುಣಕುಮಾರ ಬಾಗಿಲಲ್ಲಿದ್ದ ಸುಕನ್ಯಾಳನ್ನು ನೋಡಿ ತಲೆ ತಗ್ಗಿಸಿದ. ಸುಕನ್ಯಾ ತಟ್ಟೆಯನ್ನು ನೆಲಕ್ಕಿಟ್ಟು ಒಳಗೆ ಹೋದಳು.

ಮಗಳ ಬೆನ್ನು ಕಂಡದ್ದೇ ಹಾಲಸ್ವಾಮಿ ಓಡಿಹೋಗಿ ಅಜ್ಜಿಯ ಕಾಲು ಹಿಡಿದ. "ಅಮ್ಮಾರ, ತಪ್ಪಾತ್ರಿ. ದೊಡ್ಡಸ್ತಿಕಿ ಹುಚ್ಚಿಗೆ ಬಿದ್ದು ಸುಳ್ಳು ಹೇಳ್ದೆ. ನಿಮ್ಮ ಮಾವನೋರ ಹೆಸರಿಗೂ ಮಸಿ ಹಚ್ಚಿದೆ. ನಿಮ್ಮ ಭಾವನೋರ ಸುದ್ದಿ ಸಿಕ್ತು ಅಂತ ನೀವು ಅತ್ರಲ್ಲ, ಅದನ್ನ ನೋಡಿ ನನ್ನ ಕರಳು ಹಿಂಡಿತ್ರಿ. ಅವರು ಎಲ್ಲಿಗೆ ಹೋದ್ರೋ ನನಗ ಗೊತ್ತಿಲ್ಲ. ಬೇಕಾದ್ರ ಚಪ್ಲಿ ತಗಂಡು ಹೊಡೀರಿ. ಆದ್ರ ನನ್ನ ಕೂಸು ಏನೂ ತಪ್ಪು ಮಾಡಿಲ್ಲ. ತಪ್ಪೆಲ್ಲಾ ನಂದ."

"ಏಳ್ರಿ ಸ್ವಾಮೇರ, ದೊರಿಗಳಾಗಿ ಹಿಂಗ ಕಾಲು ಹಿಡಿಬಾರದು" ಎಂದು ಗಾದೆಪ್ಪ ರಟ್ಟೆ ಹಿಡಿದು ಎಬ್ಬಿಸಲು ಬಂದ.

"ಬಿಡೋ ಅವನ್ನ!" ಎಂದರು ಅಜ್ಜಿ.

ಸೆರಗು ಸರಿಸಿ ಹಾಲಸ್ವಾಮಿಯ ಮುಖವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ನೀರು ಇನ್ನೂ ಆರಿರಲಿಲ್ಲ.

"ನಮ್ಮ ಭಾವನೋರು ಮನಿ ಬಿಟ್ಟಿದ್ದು ಯಾಕ ಗೊತ್ತೇನು? ಊಟದ ಹೊತ್ತಿನ್ಯಾಗ ಒಂದು ಮಾತು ಬಂತು. 'ತಪ್ಪಾತು' ಅಂತ ಯಾರಾದ್ರೂ ಒಬ್ರು ಅಂದಿದ್ರ ಕೈ ತೊಳಿಯೋದ್ರಾಗ ಮುಗೀತಿತ್ತು. ಮಾವನೋರು ಅನ್ನಲಿಲ್ಲ. ಭಾವನೋರು ಅನ್ನಲಿಲ್ಲ. ನನ್ನ ಗಂಡ ಸಾಯೋತನಕ ಅನ್ನಲಿಲ್ಲ. ವಾಡೆ ಹೋತು, ಹೊಲ ಹೋತು, ಆ ಒಂದು ಮಾತು ಮಾತ್ರ ಯಾರ ಬಾಯಾಗೂ ಬರಲಿಲ್ಲ. ಇಗಾ, ನನ್ನ ಹೊಟ್ಟ್ಯಾಗ ಹುಟ್ಟಿದ ಈ ಮಗನೂ ಇವತ್ತಿನತನ ಅಂದಿಲ್ಲ."

ಅರುಣಕುಮಾರನ ಅಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ತಲೆಯೆತ್ತಿ ಜಂತಿ ನೋಡುತ್ತ ನಿಂತರು.

ಅಜ್ಜಿ ಸುಂಕಪ್ಪನ ಕಡೆ ತಿರುಗಿದರು. "ಬೆರಳು ಮಡಚಿದ್ದು ಸಾಕು, ಬಿಡು. ಊರೇ ನೀ ದೊರಿ, ನೀ ದೊರಿ ಅಂತ ಹೇಳಿದ್ರೂ ಈತ ಅಲ್ಲ ಅಂತಾನ, ಮಂದಿ ಮುಂದ ಕಾಲು ಹಿಡಿದು ತಪ್ಪಾತು ಅಂತಾನ. ಇಂಥಾವ ನಮ್ಮ ವಂಶದಾಗ ಹುಟ್ಟಾಕ ಸಾಧ್ಯನ ಇಲ್ಲ. ಈತ ನಮ್ಮವನಲ್ಲ. ಹುಡುಗಿನ ಕರೀರಿ, ಹೂ ಮುಡಸ್ತೀನಿ."